ಮಕ್ಕಳ ಓದುಬರಹದ ಪರೀಕ್ಷೆ ಮತ್ತು ಸತ್ಯಶುದ್ಧ ಕಾಯಕ

ಪರೀಕ್ಷೆ ಎಂಬುದು ಸಂಸ್ಕೃತ ಶಬ್ದ. 'ಪರಿ' ಎಂದರೆ ಸುತ್ತಲೂ. 'ಈಕ್ಷ್' ಎಂದರೆ ನೋಡು. ಒಂದು ವಸ್ತುವನ್ನು ಎಲ್ಲ ಕಡೆಗಳಿಂದಲೂ ನಿಟ್ಟಿಸಿ ನೋಡಿ ಅದರ ನಿಜವನ್ನು ತಿಳಿಯುವುದೇ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಹಚ್ಚುತ್ತಾನೆ. ಒಕ್ಕಲಿಗನು ಬಿತ್ತನೆಯ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾನೆ. ವೈದ್ಯನು ರೋಗಿಯ ನಾಡಿಯನ್ನು ಹಿಡಿಯುತ್ತಾನೆ. ಇವೆಲ್ಲವೂ ಪರೀಕ್ಷೆಗಳೇ. ನಾಡಿ ನೋಡುವ ವೈದ್ಯನಿಗೆ ಸುಳ್ಳು ಹೇಳಿ 'ಆರೋಗ್ಯವಂತನೆಂಬ' ಮಾತನ್ನು ಪಡೆದುಕೊಂಡು ಬಂದ ರೋಗಿಯು ಜಾಣನೆಂದು ಯಾರೂ ಹೇಳರು. ಆದರೆ ಶಾಲೆಯ ಪರೀಕ್ಷೆಯ ಮಾತು ಬಂದಾಗ ವಿವೇಕಿಗಳಾದ ಗೃಹಸ್ಥರೂ ಈ ಸರಳವಾದ ಸತ್ಯವನ್ನು ಮರೆಯುತ್ತಾರೆ. ಮಾಘ ಫಾಲ್ಗುಣ ಮಾಸಗಳು ಬಂದವೆಂದರೆ ಮನೆಮನೆಯಲ್ಲಿಯೂ ಕಳವಳ ಮೊದಲಾಗುತ್ತದೆ. ಮಗುವಿಗೆ ನಿದ್ರೆಯಿಲ್ಲ, ತಾಯಿಗೆ ಊಟ ಸೇರದು, ತಂದೆಗೆ ಅಂಕಗಳ ಚಿಂತೆ, ಉಪಾಧ್ಯಾಯರಿಗೆ ಫಲಿತಾಂಶದ ಲೆಕ್ಕ. ಈ ಕಳವಳದ ನಡುವೆ ಒಂದು ಧರ್ಮಸೂಕ್ಷ್ಮವು ಅಡಗಿದೆ. ಅದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಮಾಧ್ಯಮಿಕ ದರ್ಜೆಯ ಮಕ್ಕಳನ್ನು ಓದುಬರಹದಲ್ಲಿ ಪರೀಕ್ಷಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಮುಲ್ಕಿ ಪರೀಕ್ಷೆಯೂ, ಮೈಸೂರು ಸೀಮೆಯಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಯೂ ಇದ್ದವು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಶಾಲೆಯ ಮಾಸ್ತರನಾಗಲು ಯೋಗ್ಯನೆನಿಸುತ್ತಿದ್ದನು. ಕಾಲವು ಬದಲಾಯಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅನುತ್ತೀರ್ಣಗೊಳಿಸಿ ಹಿಂದೆ ನಿಲ್ಲಿಸಕೂಡದೆಂದು ವಿಧಿಸಿತು. 2019ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಗಿ ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಗೆ ನಿಯತವಾದ ಪರೀಕ್ಷೆಯುಂಟಾಯಿತು. ಕರ್ನಾಟಕದಲ್ಲಿ 2024ರ ಮಾರ್ಚಿ ತಿಂಗಳಿನಲ್ಲಿ ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ನಡೆದ ಪರೀಕ್ಷೆಯ ವಿವಾದವು ಉಚ್ಚ ನ್ಯಾಯಾಲಯಕ್ಕೂ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎಳೆಯ ಮಕ್ಕಳಿಗೆ ಇಂತಹ ಪರೀಕ್ಷೆ ಬೇಕೆ ಬೇಡವೆ ಎಂಬುದನ್ನು ರಾಜ್ಯಾಂಗದ ಪಂಡಿತರೂ ನ್ಯಾಯಾಧೀಶರೂ ವಿಚಾರಿಸಲಿ. ಗೃಹಸ್ಥನೂ ಉಪಾಧ್ಯಾಯನೂ ವಿಚಾರಿಸಬೇಕಾದುದು ಬೇರೊಂದು ಉಂಟು. ಪರೀಕ್ಷೆಯು ಬಂದಾಗ ಮಗುವನ್ನು ಅದಕ್ಕೆ ಸಿದ್ಧಗೊಳಿಸುವ ಧರ್ಮಸಮ್ಮತವಾದ ಬಗೆ ಯಾವುದು?

ಈಗ ಸಾಮಾನ್ಯವಾಗಿ ನಡೆಯುವ ಬಗೆಯನ್ನು ಮೊದಲು ನೋಡಬೇಕು. ಪೇಟೆಯಲ್ಲಿ ಗೈಡು ಪುಸ್ತಕಗಳು ದೊರೆಯುತ್ತವೆ. ಪ್ರಬಂಧ, ಪತ್ರಲೇಖನ, ಗಾದೆಯ ವಿಸ್ತರಣೆ, ಗದ್ಯಭಾಗದ ಸಾರಾಂಶ, ಇವೆಲ್ಲವೂ ಅವುಗಳಲ್ಲಿ ಸಿದ್ಧವಾಗಿ ಅಚ್ಚಾಗಿರುತ್ತವೆ. ಉಪಾಧ್ಯಾಯನು ಅವುಗಳಲ್ಲಿ ಹತ್ತನ್ನು ಆರಿಸಿ ಹಲಗೆಯ ಮೇಲೆ ಬರೆಯುತ್ತಾನೆ. ಮಕ್ಕಳು ಅದನ್ನು ಇಳಿಸಿಕೊಂಡು ಉರುಹೊಡೆಯುತ್ತಾರೆ. ಪರೀಕ್ಷೆಯಲ್ಲಿ 'ನಿಮ್ಮ ಊರು' ಎಂಬ ವಿಷಯ ಬಂದರೆ ನಲವತ್ತು ಮಕ್ಕಳೂ ಒಂದೇ ಊರನ್ನು ವರ್ಣಿಸುತ್ತಾರೆ. ಬೇಸಿಗೆಯಲ್ಲಿ ಕೊಡ ನೀರಿಗಾಗಿ ಹರದಾರಿ ನಡೆಯಬೇಕಾದ ಬಯಲುಸೀಮೆಯ ಹಳ್ಳಿಯ ಹುಡುಗನು, ತನ್ನ ಊರಿನ ಪಕ್ಕದಲ್ಲಿ ತುಂಬಿದ ನದಿಯೊಂದು ಜುಳುಜುಳು ಹರಿಯುತ್ತದೆಂದು ಬರೆಯುತ್ತಾನೆ. ನದಿಯ ದಡದಲ್ಲಿ ತೆಂಗಿನ ತೋಟವೂ ಇರುತ್ತದೆ! ಕಾಗುಣಿತದಲ್ಲಿ ತಪ್ಪಿಲ್ಲ, ವಾಕ್ಯಗಳಲ್ಲಿ ದೋಷವಿಲ್ಲ, ಅಂಕಗಳೂ ಬರುತ್ತವೆ. ಆದರೆ ಆ ಹುಡುಗನು ಬರೆದುದರಲ್ಲಿ ಆ ಹುಡುಗನೇ ಇಲ್ಲ. ಅವನ ತಾಯಿ ಹೊತ್ತ ಕೊಡವಿಲ್ಲ, ಅವನು ತುಳಿದ ದಾರಿಯಿಲ್ಲ, ಅವನ ಮನೆಯ ಮುಂದಿನ ಬೇವಿನ ಮರವಿಲ್ಲ. ಪರೀಕ್ಷಕನು ನೋಡಬೇಕಾದುದು ಮಗುವನ್ನು. ಅವನ ಮುಂದೆ ಕಟ್ಟಿರುವುದು ಒಂದು ತೆರೆ.

ಈ ಪದ್ಧತಿಯನ್ನು ಸುಮ್ಮನೆ ಹಳಿದುಬಿಡುವುದು ಸುಲಭ. ಆದರೆ ಇದರ ಪರವಾಗಿಯೂ ಒಂದು ಮಾತು ಉಂಟು. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. 'ಈ ಮಗುವಿನ ತಂದೆ ಕೂಲಿಗೆ ಹೋಗುವವನು, ತಾಯಿಗೆ ಅಕ್ಷರ ಬಾರದು, ಮನೆಯಲ್ಲಿ ಹೇಳಿಕೊಡುವವರಿಲ್ಲ. ಇನ್ನು ಎರಡು ತಿಂಗಳಿನಲ್ಲಿ ಪರೀಕ್ಷೆ. ಸ್ವಂತ ವಾಕ್ಯವನ್ನು ಬರೆ ಎಂದರೆ ಇವನ ಕೈ ನಡುಗುತ್ತದೆ. ಅನುತ್ತೀರ್ಣನಾದರೆ ನಾಳೆಯೇ ಇವನನ್ನು ಶಾಲೆ ಬಿಡಿಸಿ ದುಡಿಮೆಗೆ ಹಚ್ಚುವರು. ಹತ್ತು ಪ್ರಬಂಧಗಳನ್ನು ಬಾಯಿಪಾಠ ಮಾಡಿಸಿದರೆ ಹೇಗೋ ದಾಟಿಕೊಳ್ಳುತ್ತಾನೆ. ಇದು ದಯೆಯಲ್ಲವೆ? ದಯೆಯೇ ಧರ್ಮದ ಬೇರಲ್ಲವೆ?' ಹೀಗೆ ಕೇಳುವ ಉಪಾಧ್ಯಾಯನು ದುಷ್ಟನಲ್ಲ. ಮಗುವಿನ ಮೇಲಣ ಮರುಕದಿಂದಲೇ ಅವನು ಹೀಗೆ ಮಾಡುತ್ತಾನೆ. ಆದುದರಿಂದ ಪ್ರಶ್ನೆಯು ಕಠಿಣವಾದುದು. ದಯೆ ಒಂದು ಕಡೆ, ಸತ್ಯ ಒಂದು ಕಡೆ ನಿಂತಂತೆ ಇಲ್ಲಿ ತೋರುತ್ತದೆ.

ಇದಕ್ಕೆ ಸಮಾಧಾನವನ್ನು ಶರಣರ ಚರಿತ್ರೆಯೊಂದರಲ್ಲಿ ಕಾಣಬಹುದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಕಲ್ಯಾಣದಲ್ಲಿ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹವನ್ನು ನಡೆಸುತ್ತಿದ್ದ ಸಂಗತಿ ಭಕ್ತರೆಲ್ಲರಿಗೂ ತಿಳಿದುದೇ. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಮನೆಯಲ್ಲಿ ಬಡತನವಿದ್ದಿತು. ಅಕ್ಕಿಯನ್ನು ಕದ್ದು ತಂದುದೂ ಅಲ್ಲ. ಕೊಟ್ಟವರ ಮನಸ್ಸಿನಲ್ಲಿ ದಯೆಯೇ ಇದ್ದಿರಬಹುದು. ಹಾಗಿದ್ದರೂ ಆ ತಾಯಿಗೆ ಕಂಡುದು ಒಂದೇ: ಕೈ ದುಡಿದುದಕ್ಕಿಂತ ಹೆಚ್ಚಾಗಿ ಬಂದುದು ಕಾಯಕವನ್ನು ಕೆಡಿಸುತ್ತದೆ. ಇಂದು ಹೆಚ್ಚು ದೊರೆತರೆ ನಾಳೆ ಆಯುವ ಕೈ ಸೋಮಾರಿಯಾಗುತ್ತದೆ. ನಾಡಿದ್ದು ಅದು ಬೇಡುವ ಕೈಯಾಗುತ್ತದೆ. ತನ್ನ ಗಂಡನ ಕೈಯನ್ನು ಉಳಿಸುವುದಕ್ಕಾಗಿ ಆಕೆ ಅಕ್ಕಿಯನ್ನು ಬಿಟ್ಟಳು.

ಉರುಹೊಡೆದ ಪ್ರಬಂಧದಿಂದ ಬಂದ ಅಂಕವು ಈ ಹೆಚ್ಚಿನ ಅಕ್ಕಿಯಂತೆಯೇ. ಅದು ಮಗುವಿನ ಕೈದುಡಿಮೆಯದಲ್ಲ. ಅದನ್ನು ಪಡೆದ ಮಗುವು ಮೇಲಿನ ತರಗತಿಗೆ ಹೋಗುತ್ತದೆ. ಅಲ್ಲಿ ವಿಜ್ಞಾನದ ಪುಸ್ತಕವನ್ನು ಓದಬೇಕು, ಚರಿತ್ರೆಯ ಪುಸ್ತಕವನ್ನು ಓದಬೇಕು, ಗಣಿತದ ಸಮಸ್ಯೆಯನ್ನು ಓದಿ ಅರ್ಥಮಾಡಿಕೊಳ್ಳಬೇಕು. ಓದಲು ಬಾರದವನಿಗೆ ಇವೆಲ್ಲವೂ ಮುಚ್ಚಿದ ಬಾಗಿಲುಗಳು. ದೇಶದ ಗ್ರಾಮಭಾಗಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುವ 'ಅಸರ್' ಸಮೀಕ್ಷೆಯ 2022ರ ವರದಿಯಂತೆ, ಎಂಟನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಸುಮಾರು 70 ಮಂದಿ. ಉಳಿದ 30 ಮಂದಿಯೂ ಏಳು ತರಗತಿಗಳನ್ನು ದಾಟಿ ಬಂದವರೇ. ಯಾರೋ ಕರುಣಾಳುಗಳು ಪ್ರತಿವರ್ಷವೂ ಅವರನ್ನು ದಾಟಿಸಿದ್ದಾರೆ. ಈಜನ್ನು ಮಾತ್ರ ಯಾರೂ ಕಲಿಸಲಿಲ್ಲ. ಈ ಮಕ್ಕಳು ಹತ್ತನೆಯ ತರಗತಿಯ ದೊಡ್ಡ ಹೊಳೆಗೆ ಬಂದಾಗ ಏನಾಗುತ್ತದೆ? 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಕಲನ್ನು ತಡೆಯುವುದಕ್ಕಾಗಿ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಇಡಲಾಯಿತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ಉತ್ತೀರ್ಣರ ಪ್ರಮಾಣವು ಆ ವರ್ಷ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ಹಾಗೆ ಬಿದ್ದ ಮಕ್ಕಳನ್ನು ದೂರುವುದು ಸಲ್ಲದು. ಓದುಬರಹದ ತಳಪಾಯವನ್ನು ಹಾಕಬೇಕಾಗಿದ್ದ ಆರು, ಏಳು, ಎಂಟನೆಯ ತರಗತಿಗಳಲ್ಲಿ ಅವರಿಗೆ ದೊರೆತುದೇನು ಎಂಬುದನ್ನು ಹಿರಿಯರು ತಮ್ಮ ಅಂತರಂಗವನ್ನೇ ಕೇಳಿಕೊಳ್ಳಬೇಕು.

ಆದುದರಿಂದ ದಯೆಗೂ ಸತ್ಯಕ್ಕೂ ಇಲ್ಲಿ ನಿಜವಾದ ವಿರೋಧವಿಲ್ಲ. ಎರಡು ತಿಂಗಳ ದಯೆಗೂ ಹತ್ತು ವರ್ಷದ ದಯೆಗೂ ಮಾತ್ರ ವಿರೋಧ. ಹಸಿದವನಿಗೆ ಅನ್ನವಿಕ್ಕುವುದು ದಯೆಯೇ ಸರಿ; ಆದರೆ ಅನ್ನವಿಕ್ಕುತ್ತ ಅವನ ಕೈಯನ್ನು ಕಟ್ಟಿಹಾಕಿದರೆ ಅದು ದಯೆಯೆನಿಸದು. ತನ್ನ ಮಾತು ಬರಹಕ್ಕೆ ಯೋಗ್ಯವಲ್ಲ, ಅಚ್ಚಾದ ಮಾತೇ ಯೋಗ್ಯ ಎಂಬ ನಂಬಿಕೆಯನ್ನು ಹದಿಮೂರು ವರ್ಷದ ಮಗುವಿನಲ್ಲಿ ನೆಡುವುದು ಆ ಮಗುವಿಗೆ ಮಾಡುವ ಅತಿ ದೊಡ್ಡ ಅನ್ಯಾಯ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗನೂ, ಮಡಿವಾಳನೂ, ಮೇದಾರನೂ, ಅಕ್ಕಿ ಆಯುವ ತಾಯಿಯೂ ತಮ್ಮ ತಮ್ಮ ಕಸುಬಿನ ಮಾತುಗಳಲ್ಲಿಯೇ ಅನುಭಾವವನ್ನು ನುಡಿದರು. ದೋಣಿಯ ಹುಟ್ಟು, ಬಟ್ಟೆಯ ಕಲೆ, ಬಿದಿರಿನ ಸೀಳು ಎಲ್ಲವೂ ಅಲ್ಲಿ ಜ್ಞಾನದ ಸಾಧನಗಳಾದವು. ಪ್ರತಿಯೊಬ್ಬರೂ ತಮ್ಮ ನುಡಿಯ ಕೊನೆಗೆ ತಮ್ಮದೇ ಆದ ಅಂಕಿತವನ್ನು ಇಟ್ಟರು. ಆ ಅಂಕಿತವನ್ನು ನೋಡಿದೊಡನೆ ಈ ನುಡಿ ಇಂಥವರದೆಂದು ತಿಳಿಯುತ್ತದೆ. ಅಂತಹ ಪರಂಪರೆಗೆ ಬಾಧ್ಯರಾದ ಮಕ್ಕಳು ಅಂಕಿತವಿಲ್ಲದ ಎರವಲು ನುಡಿಯನ್ನು ಬರೆದು ಅಂಕಗಳನ್ನು ಪಡೆಯುವುದು ಶೋಭಿಸುವುದೆ? ಮಗುವಿನ ನಾಲ್ಕು ವಾಕ್ಯಗಳಲ್ಲಿ ಒಂದಾದರೂ 'ಇದು ಇವನದೇ' ಎನ್ನುವಂತಿದ್ದರೆ ಅದೇ ಅದರ ಅಂಕಿತ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಮಠಗಳಲ್ಲಿಯೂ ಮನೆಗಳಲ್ಲಿಯೂ ಮಕ್ಕಳಿಂದ ವಚನಗಳನ್ನು ಬಾಯಿಪಾಠ ಮಾಡಿಸುವುದಿಲ್ಲವೆ? ಅಮರಕೋಶವನ್ನೂ ಶಬ್ದರೂಪಗಳನ್ನೂ ಹಿಂದಿನವರು ಕಂಠಸ್ಥ ಮಾಡಲಿಲ್ಲವೆ? ಬಾಯಿಪಾಠವು ದೋಷವಾದರೆ ಅದೂ ದೋಷವಾಗಬೇಡವೆ? ಸಮಾಧಾನವಿಷ್ಟು: ಬಾಯಿಪಾಠದಲ್ಲಿ ದೋಷವಿಲ್ಲ, ಅದನ್ನು ಬಳಸುವ ಬಗೆಯಲ್ಲಿ ದೋಷವುಂಟು. ವಚನವನ್ನು ಕಂಠಸ್ಥ ಮಾಡಿದ ಮಗುವು ಅದನ್ನು ಬಸವಣ್ಣನವರ ವಚನವೆಂದೇ, ಅಕ್ಕನ ವಚನವೆಂದೇ ಹೇಳುತ್ತದೆ, ತನ್ನದೆಂದು ಹೇಳುವುದಿಲ್ಲ. ಅದು ಅಂತರಂಗದಲ್ಲಿ ಉಳಿದು, ವಯಸ್ಸು ಬಂದಂತೆ ಅರ್ಥವನ್ನು ಬಿಚ್ಚುತ್ತ ಹೋಗುತ್ತದೆ. ಒಳ್ಳೆಯ ಕನ್ನಡವು ಕಿವಿಯಲ್ಲಿ ನಿಲ್ಲುವುದರಿಂದ ಮಗುವಿನ ಸ್ವಂತ ವಾಕ್ಯವೂ ನೇರ್ಪಡುತ್ತದೆ. ಗೈಡಿನ ಪ್ರಬಂಧವಾದರೋ ಪರೀಕ್ಷೆಯ ಮರುದಿನವೇ ಮರೆತುಹೋಗುವುದು. ಅದನ್ನು ಬರೆದ ಮಗುವು ಪರರ ನುಡಿಯನ್ನು ತನ್ನದೆಂದು ಒಪ್ಪಿಸಿದ ದೋಷಕ್ಕೂ ಪಾತ್ರವಾಗುವುದು. ಒಂದು ಬಿತ್ತಿದ ಬೀಜ, ಇನ್ನೊಂದು ತುರುಬಿಗೆ ಸಿಕ್ಕಿಸಿದ ಕಾಗದದ ಹೂವು.

ಹಾಗಾದರೆ ಮಕ್ಕಳನ್ನು ಸಿದ್ಧಗೊಳಿಸುವ ಬಗೆ ಹೇಗೆ? ಕೇವಲ ಉಪದೇಶದಿಂದ ಪ್ರಯೋಜನವಿಲ್ಲ. ಮಾಡುವ ಕ್ರಮವನ್ನೂ ಹೇಳಬೇಕು. ಓದೆಂದರೆ ಅಕ್ಷರಗಳನ್ನು ಉಚ್ಚರಿಸುವುದಷ್ಟೇ ಅಲ್ಲ. ಹಿಂದಿನ ತಾಳೆಯೋಲೆಗಳಲ್ಲಿ ಪದಗಳ ನಡುವೆ ಎಡೆಯಿರುತ್ತಿರಲಿಲ್ಲ. ಅರ್ಥವನ್ನು ಹಿಡಿಯದೆ ಪದವನ್ನು ಬಿಡಿಸಲು ಸಾಧ್ಯವೇ ಇರಲಿಲ್ಲ. ಫ. ಗು. ಹಳಕಟ್ಟಿಯವರು (1880-1964) ಇಂತಹ ಓಲೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿ, ಕಣ್ಣಿಟ್ಟು ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಇಂದಿನ ಮಗುವಿಗೆ ಅಚ್ಚಿನ ಪುಸ್ತಕವು ಪದಗಳನ್ನು ಬಿಡಿಸಿಯೇ ಕೊಡುತ್ತದೆ. ಆದರೆ ಅರ್ಥವನ್ನು ಮಗುವೇ ಬಿಡಿಸಿಕೊಳ್ಳಬೇಕು. ಆದುದರಿಂದ ಪ್ರತಿದಿನವೂ ಹತ್ತು ನಿಮಿಷ ಮಗುವು ಗಟ್ಟಿಯಾಗಿ ಓದಲಿ. ಓದಿದ ಮೇಲೆ ಪುಸ್ತಕವನ್ನು ಮುಚ್ಚಿಸಿ, 'ಏನು ಹೇಳಿದೆ?' ಎಂದು ಕೇಳಬೇಕು. ಮಗುವು ತನ್ನ ಮನೆಯ ಮಾತಿನಲ್ಲಿಯೇ ಹೇಳಲಿ. ಹೇಳಲು ಬಂದರೆ ಓದಿದುದು ನಿಜ. ಬಾರದಿದ್ದರೆ ಮತ್ತೊಮ್ಮೆ ಓದಬೇಕು. ಪಠ್ಯಪುಸ್ತಕದಲ್ಲಿಲ್ಲದ ಗದ್ಯಭಾಗವನ್ನು ಕೊಟ್ಟು ಪ್ರಶ್ನೆ ಕೇಳುವ ಪರೀಕ್ಷೆಗೆ ಇದಕ್ಕಿಂತ ಮಿಗಿಲಾದ ಸಿದ್ಧತೆಯಿಲ್ಲ. ಈ ಕೆಲಸಕ್ಕೆ ತಂದೆತಾಯಿಗಳು ವಿದ್ಯಾವಂತರಾಗಿರಬೇಕೆಂಬ ನಿಯಮವೂ ಇಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿಯು ಅಕ್ಷರ ತಿಳಿಯದಿದ್ದರೂ ಕೇಳಬಲ್ಲಳು. 'ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಪ್ಪ' ಎಂದು ಆಕೆ ಹೇಳಿದರೆ ಆ ಮಗುವಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷಕರು ದೊರೆಯರು.

ಬರಹದಲ್ಲಿ ಮೊದಲನೆಯದು ಶುದ್ಧಿ. ಅದಕ್ಕೆ ಉಕ್ತಲೇಖನವೇ ಮದ್ದು. ದಿನಕ್ಕೆ ಐದು ವಾಕ್ಯ ಸಾಕು. ತಪ್ಪನ್ನು ಕೆಂಪು ಶಾಯಿಯಿಂದ ಕೊಚ್ಚಿಹಾಕುವ ಮೊದಲು ಆ ತಪ್ಪು ಎಲ್ಲಿಂದ ಬಂದಿತೆಂದು ಉಪಾಧ್ಯಾಯನು ವಿಚಾರಿಸಬೇಕು. ಕೆಲವು ಸೀಮೆಗಳ ಮಕ್ಕಳಿಗೆ ಹಕಾರವು ನಾಲಗೆಗೆ ಬಾರದು. 'ಹಾಡು' ಎಂಬುದನ್ನು 'ಆಡು' ಎಂದು ಬರೆಯುತ್ತಾರೆ. ಕೆಲವರಿಗೆ ಲಕಾರ ಳಕಾರಗಳ ಭೇದ ತಿಳಿಯದು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಇವು ದಡ್ಡತನದ ಚಿಹ್ನೆಗಳಲ್ಲ. ಕಿವಿಯು ಕಲಿತ ಪಾಠಗಳು. ಬೈದರೆ ತಿದ್ದುವುದಿಲ್ಲ, ಅರ್ಥದಿಂದ ತೋರಿಸಿದರೆ ತಿದ್ದುತ್ತವೆ. ಬೆಳೆ ಬಿದ್ದಿತೆಂದರೆ ಗಾಳಿಯ ಹಾವಳಿ. ಬೆಲೆ ಬಿದ್ದಿತೆಂದರೆ ಪೇಟೆಯ ಹಾವಳಿ. ಈ ಎರಡರ ಭೇದವನ್ನು ಒಕ್ಕಲಿಗನ ಮಗುವಿಗೆ ಒಮ್ಮೆ ಹೇಳಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ.

ಎರಡನೆಯದು ಸ್ವಂತ ರಚನೆ. ಪ್ರಬಂಧವನ್ನು ಬರೆಸುವ ಮೊದಲು ಮಗುವನ್ನು ಮಾತನಾಡಿಸಬೇಕು. 'ನಿಮ್ಮ ಊರಿನ ಜಾತ್ರೆ' ಎಂಬುದು ವಿಷಯವಾದರೆ, ಈ ವರ್ಷ ತೇರು ಎಲ್ಲಿ ನಿಂತಿತು, ಯಾರು ಮಿಣಿ ಹಿಡಿದರು, ನೀನು ಏನು ಕೊಂಡೆ, ಎಷ್ಟು ಕೊಟ್ಟೆ ಎಂದು ಕೇಳಬೇಕು. ಮಗುವು ಉತ್ಸಾಹದಿಂದ ಹೇಳುತ್ತದೆ. ಹೇಳಿದುದನ್ನೇ ಬರೆ ಎನ್ನಬೇಕು. ಮೊದಲ ದಿನ ಮೂರು ವಾಕ್ಯ ಬಂದೀತು; ಅದರಲ್ಲಿ ಐದು ತಪ್ಪುಗಳಿದ್ದಾವು. ಮರುದಿನ ಅದನ್ನೇ ತಿದ್ದಿ ಬರೆಯಲಿ. ಹೀಗೆ ಒಂದು ವರ್ಷದಲ್ಲಿ ಮೂವತ್ತು ವಿಷಯಗಳನ್ನು ಎರಡೆರಡು ಬಾರಿ ಬರೆದ ಮಗುವು ಪರೀಕ್ಷೆಯಲ್ಲಿ ಯಾವ ವಿಷಯ ಬಂದರೂ ಹೆದರದು. ಈ ಕೆಲಸವು ನಿಧಾನವಾದುದು, ಶ್ರಮದ್ದು. ನಲವತ್ತು ಮಕ್ಕಳ ಒಂದೇ ಪ್ರಬಂಧವನ್ನು ಅರ್ಧ ಗಂಟೆಯಲ್ಲಿ ನೋಡಿಬಿಡಬಹುದು. ನಲವತ್ತು ಮಕ್ಕಳ ನಲವತ್ತು ಜಾತ್ರೆಗಳನ್ನು ಓದಲು ಎರಡು ಸಂಜೆಗಳು ಬೇಕು. ಉಪಾಧ್ಯಾಯನ ಕಾಯಕವು ಸತ್ಯಶುದ್ಧವಾಗುವುದು ಆ ಎರಡು ಸಂಜೆಗಳಲ್ಲಿಯೇ. ಸಂಬಳವು ಎರಡಕ್ಕೂ ಒಂದೇ ಆದುದರಿಂದ ಯಾವುದನ್ನು ಮಾಡುವನೆಂಬುದು ಅವನ ಅರಿವಿಗೆ ಬಿಟ್ಟುದು.

ಹೀಗೆ ಸಿದ್ಧಗೊಳಿಸಿದ ಮೇಲೂ ಒಂದು ಮಗುವು ಅನುತ್ತೀರ್ಣವಾದರೆ? ಆಗಬಹುದು. ಸತ್ಯವಾದ ದುಡಿಮೆಗೆ ಕೂಡಲೇ ಫಲ ಬಂದೇ ಬರುವುದೆಂದು ಭರವಸೆ ಕೊಡುವುದು ಸಲ್ಲದು. ಗೈಡನ್ನು ಉರುಹೊಡೆದ ಪಕ್ಕದ ಮನೆಯ ಹುಡುಗನಿಗೆ ಹೆಚ್ಚು ಅಂಕ ಬಂದು, ಸ್ವಂತವಾಗಿ ಬರೆದ ಹುಡುಗಿಗೆ ಕಡಿಮೆ ಬಂದ ಉದಾಹರಣೆಗಳು ಇಲ್ಲದಿಲ್ಲ. ಗೃಹಸ್ಥನ ಧರ್ಮಕ್ಕೆ ನಿಜವಾದ ಒರೆಗಲ್ಲು ಆ ದಿನವೇ. 2019ರ ತಿದ್ದುಪಡಿಯು ಕೂಡ ಅನುತ್ತೀರ್ಣವಾದ ಮಗುವಿಗೆ ಹೆಚ್ಚಿನ ಬೋಧನೆಯನ್ನು ಕೊಟ್ಟು, ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆಗೆ ಅವಕಾಶ ಕೊಡಬೇಕೆಂದೇ ಹೇಳುತ್ತದೆ. ಯಾವ ಮಗುವನ್ನೂ ಎಂಟನೆಯ ತರಗತಿ ಮುಗಿಯುವ ಮುನ್ನ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಕಾಯಿದೆಗೆ ಇರುವಷ್ಟು ತಾಳ್ಮೆ ತಂದೆಗೆ ಇರಬೇಡವೆ? ಅಂಕಪಟ್ಟಿಯನ್ನು ನೋಡಿ ನೆರೆಯವರ ಮುಂದೆ ಮಗುವನ್ನು ಹೀನಯಿಸುವುದು, ಕೈಮಾಡುವುದು, ಎಲ್ಲಕ್ಕಿಂತ ಹೆಚ್ಚಾಗಿ, 'ಇನ್ನು ಓದಿದ್ದು ಸಾಕು' ಎಂದು ಹೆಣ್ಣುಮಗುವಿನ ಶಾಲೆಯನ್ನು ಬಿಡಿಸುವುದು, ಇವು ಲಿಂಗವನ್ನು ಧರಿಸಿದ ಮನೆಗೆ ಒಪ್ಪುವ ನಡೆಗಳಲ್ಲ. ಅಕ್ಕನೂ ಲಕ್ಕಮ್ಮನೂ ನುಡಿದ ನಾಡಿನಲ್ಲಿ ಒಂದು ಹೆಣ್ಣುಮಗುವಿನ ನುಡಿಯನ್ನು ಒಂದು ಕಾಗದದ ಅಂಕವು ನಿಲ್ಲಿಸಬಾರದು.

ಪರೀಕ್ಷೆಯ ಸಿದ್ಧತೆಯು ಪರೀಕ್ಷೆಗೆ ಎರಡು ತಿಂಗಳ ಮುಂಚೆ ತೊಡಗುವ ಕೆಲಸವಲ್ಲ. ಅದು ಜೂನ್ ತಿಂಗಳಿನ ಮೊದಲ ಪಾಠದಿಂದಲೇ ತೊಡಗುವ ನಿತ್ಯಕಾಯಕ. ಪೂಜೆಯನ್ನು ಹಬ್ಬದ ದಿನಕ್ಕೆಂದು ಕೂಡಿಡಲು ಬಾರದಂತೆ ಓದನ್ನೂ ಮಾರ್ಚಿಗೆಂದು ಕೂಡಿಡಲು ಬಾರದು. ಭಕ್ತರಾದ ಗೃಹಸ್ಥರು ಸಂಜೆಯ ಲಿಂಗಪೂಜೆಯಾದ ಮೇಲೆ ಹತ್ತು ನಿಮಿಷ ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿಸಿ ಕೇಳಲಿ. ಉಪಾಧ್ಯಾಯರು ಸಿದ್ಧ ಉತ್ತರವನ್ನು ಹಲಗೆಯ ಮೇಲೆ ಬರೆಯಲು ಸುಣ್ಣದ ಕಡ್ಡಿಯನ್ನು ಎತ್ತಿದಾಗ, ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಸಿದ ಆ ತಾಯಿಯನ್ನು ಒಮ್ಮೆ ನೆನೆಯಲಿ. ಬಯಲುಸೀಮೆಯ ಆ ಹುಡುಗನು ಮುಂದಿನ ಸಲ ತನ್ನ ಊರಿನ ಬಗೆಗೆ ಬರೆಯುವಾಗ, ಊರಿನಲ್ಲಿ ನದಿಯಿಲ್ಲವೆಂದೂ, ತನ್ನ ತಾಯಿ ನೀರಿಗಾಗಿ ದೂರ ನಡೆಯುತ್ತಾಳೆಂದೂ ಬರೆಯಲಿ. ಒಂದೆರಡು ಕಾಗುಣಿತ ತಪ್ಪಿದರೂ ಆ ಬರಹವು ಸತ್ಯಶುದ್ಧವಾದುದು. ಅದನ್ನು ಬರೆದ ಕೈಯು ಮುಂದೆ ತಪ್ಪನ್ನು ತಿದ್ದಿಕೊಳ್ಳಬಲ್ಲದು.